ತಲಿ ತಿರಗತೈತಿ ಅಂದ್ರ ‘ಯಾವಾಗಿಂದ’ ಅಂತ ಕೇಳ್ರಿ

(ಮಾನಸಿಕ ಕಾಯಿಲೆಗೆ ಔಷಧ ತಗೊಳ್ಳೋರ ಮನಿಮಂದಿಗಂತ ಗದಗಿನ್ಯಾಗ ಆಡಿದ ಮಾತು. ರೆಕಾರ್ಡಿಂಗ್ ಕೇಳಿ ಬರದದ್ದು.)

ಮೆಡಿಕಲ್ ಅಂಗಡಿ ಕೌಂಟರಿನ ಹಿಂದ ನಿಂತು 31 ವರ್ಷ ಆತು ನಂದು. ದಿನಾ ಕೇಳೋ ಮಾತು ಒಂದೈತಿ, "ಅಣ್ಣಾರ, ತಲಿ ತಿರಗಾಕತ್ತೈತಿ, ಅದಕ್ಕೊಂದು ಗುಳಿಗಿ ಕೊಡ್ರಿ." ಮೊದಮೊದಲು ನಾನೂ ಕೊಟ್ಟುಬಿಡ್ತಿದ್ದೆ. ಈಗ ಕೊಡಂಗಿಲ್ಲ, ಮೊದಲು ಕೇಳ್ತೀನಿ, ಯಾವಾಗಿಂದ್ರಿ? ಅದಕ್ಕಿಂತ ಹಿಂದಿನ ಎಂಟು-ಹದಿನೈದು ದಿವಸದಾಗ ಯಾವುದಾರ ಹೊಸಾ ಗುಳಿಗಿ ಚಾಲೂ ಆಗೇತೇನು, ಇದ್ದದ್ದನ್ನ ಹೆಚ್ಚು ಕಡಿಮಿ ಮಾಡ್ಯಾರೇನು, ನೀವಾಗೇ ಏನಾರ ಬಿಟ್ಟೀರೇನು? ಇವತ್ತು ನಾ ಹೇಳೋದೆಲ್ಲಾ ಈ ಒಂದು ಪ್ರಶ್ನಿ ಸುತ್ತಾನ ಐತಿ. ತಲಿ ತಿರಗೋದು, ತಲಿಗೆ ಏನೂ ಹತ್ತದಂಗ ಆಗೋದು, ಇವೆರಡೂ ಮನೋರೋಗದ ಔಷಧದಿಂದ ಬರಬಹುದು, ಬ್ಯಾರೆ ಕಾರಣದಿಂದಾನೂ ಬರಬಹುದು, ಯಾವುದರಿಂದ ಬಂತು ಅನ್ನೋದನ್ನ ಡಾಕ್ಟರು ಪತ್ತೆ ಹಚ್ಚಬೇಕಂದ್ರ ಅವರಿಗೆ ನಿಮ್ಮಿಂದ ಬೇಕಾಗಿದ್ದು ತಾರೀಖು.

ಇನ್ನೊಂದು ಏನಂದ್ರ, ತಲಿ ತಿರಗೋದು ಅಂತ ನಾವು ನಾಲ್ಕು ಬ್ಯಾರೆ ಬ್ಯಾರೆ ಸಂಗತಿಗೆ ಅಂತೀವಿ. ಕುಂತಲ್ಲೇ ಗ್ವಾಡಿ, ಜಂತಿ ಎಲ್ಲಾ ಗಿರ್ರ್ ಅಂತ ತಿರಗೋದು ಒಂದು. ಎದ್ದು ನಿಂತ ಕೂಡ್ಲೆ ಕಣ್ಣಿಗೆ ಕತ್ತಲಿ ಬಂದು ಬಿದ್ದಂಗ ಆಗೋದು ಇನ್ನೊಂದು. ನಡಿಯಾಕ ಹೋದ್ರ ಕುಡದೋರಂಗ ಜೋಲಿ ಹೊಡಿಯೋದು ಮೂರನೇದು. ಬರೇ ಮಬ್ಬು, ಎಚ್ಚರ ಇದ್ರೂ ನಿದ್ದಿಗಣ್ಣಾಗ ಇದ್ದಂಗ ಇರೋದು ನಾಲ್ಕನೇದು. ಮೊದಲನೇದು ಬಹಳಷ್ಟು ಸಲ ಕಿವಿ ಒಳಗಿನ ತೊಂದರಿ ಇರತೈತಿ. ಉಳದ ಮೂರರಾಗ ಔಷಧದ ಕೈವಾಡ ಇರೋದು ಹೆಚ್ಚು. ಅದಕ್ಕ ಡಾಕ್ಟರ ಮುಂದ ಕುಂತಾಗ "ತಲಿ ತಿರಗತೈತ್ರಿ" ಅಂತ ಅಷ್ಟಕ್ಕ ಬಿಡಬ್ಯಾಡ್ರಿ, "ನಸುಕಿನ್ಯಾಗ ಹೊರಸಿನಿಂದ ಎದ್ದಾಗ ಕತ್ತಲಿ ಬರತೈತಿ, ಹಿಂದಿನ ಸೋಮವಾರದಿಂದ" ಅಂತ ಹೇಳ್ರಿ. ಡಾಕ್ಟರಿಗೆ ಅರ್ಧ ಕೆಲಸ ಅಲ್ಲೇ ಹಗುರ ಆಗತೈತಿ.

ಈ ಎದ್ದಾಗ ಕತ್ತಲಿ ಬರೋದರ ಬಗ್ಗೆ ಸ್ವಲ್ಪ ಹೇಳ್ತೀನಿ, ಯಾಕಂದ್ರ ಬಿದ್ದು ತ್ವಾಡಿ ಎಲುವು ಮುರಕೊಂಡ ಮುದುಕರನ್ನ ನಾನು ಭಾಳ ಮಂದಿ ನೋಡೀನಿ. ಮಕ್ಕೊಂಡಾತ ಎದ್ದು ನಿಂತ್ರ ಅರ್ಧ ಲೀಟರಿನಷ್ಟು ರಕ್ತ, ಕೆಲವರಿಗೆ ಅದಕ್ಕೂ ಹೆಚ್ಚು, ಹೊಟ್ಟಿ ಮತ್ತ ಕಾಲಿನ ಕಡೆ ಇಳಿತೈತಿ. ಆರಾಮಿದ್ದ ಮೈಯಾಗ ರಕ್ತನಾಳ ತಟ್ಟನ ಬಿಗಿಯಾಗಿ ರಕ್ತ ಮ್ಯಾಲೆ ಹೊಂಟುಬಿಡತೈತಿ, ನಮಗ ಗೊತ್ತೇ ಆಗಂಗಿಲ್ಲ. ಕ್ವೆಟಿಯಾಪಿನ್, ಕ್ಲೋಜಾಪಿನ್, ರಿಸ್ಪೆರಿಡೋನ್, ಹಳೇ ಕಾಲದ ಕ್ಲೋರ್‌ಪ್ರೋಮಜಿನ್, ಖಿನ್ನತೆಗೆ ಕೊಡೋ ಅಮಿಟ್ರಿಪ್ಟಿಲಿನ್, ಇವು ಆ ನಾಳಕ್ಕ ಬರೋ ‘ಬಿಗಿ ಹಿಡಿ’ ಅನ್ನೋ ಸಂದೇಶಾನ ತಡೀತಾವ, ನಾಳ ಸಡಲ ಉಳೀತಾವ, ಮಿದುಳಿಗೆ ರಕ್ತ ಒಂದೆರಡು ಗಳಿಗಿ ಕಡಿಮಿ ಬೀಳತೈತಿ. ಔಷಧ ಚಾಲೂ ಮಾಡಿದ ಮೊದಲನೇ ವಾರ, ಡೋಸ್ ಏರಿಸಿದಾಗ ಇದು ಹೆಚ್ಚು. ಅದಕ್ಕ ಡಾಕ್ಟರು ಸಣ್ಣ ಡೋಸಿನಿಂದ ಸಾವಕಾಶ ಏರಿಸ್ತಾರ, ಕ್ಲೋಜಾಪಿನ್ ಅಂತೂ 12.5 ಮಿಲಿಗ್ರಾಂನಿಂದ ಶುರು. ನಡಕ ಎರಡು ದಿವಸಕ್ಕಿಂತ ಹೆಚ್ಚು ಅದನ್ನ ತಪ್ಪಿಸಿದ್ರ, ಅಂದ್ರ 48 ತಾಸು ಮೀರಿದ್ರ, ಹಳೇ ಡೋಸಿಗೆ ಜಿಗಿಯಂಗಿಲ್ಲ, ಡಾಕ್ಟರನ್ನ ಕೇಳಿ ಮತ್ತ ಆ ಸಣ್ಣ ಡೋಸಿನಿಂದಾನ ಹತ್ತಬೇಕು. ಮದುವಿಗೆ ಊರಿಗೆ ಹೋಗಿ ಗುಳಿಗಿ ಮರತು ಬಂದು, ಬಂದ ದಿವಸ ಪೂರಾ ಡೋಸ್ ನುಂಗಿ ಬಚ್ಚಲದಾಗ ಬಿದ್ದ ಹುಡುಗನ ತಾಯಿ ನನ್ನ ಅಂಗಡಿ ಕಟ್ಟಿ ಮ್ಯಾಲೆ ಕುಂತು ಅತ್ತದ್ದು ನನಗ ಇನ್ನೂ ನೆನಪೈತಿ.

ಇದನ್ನ ಪರೀಕ್ಷಾ ಮಾಡೋದು ಭಾಳ ಸರಳ ಐತಿ. ಸ್ವಲ್ಪ ಹೊತ್ತು ಮಕ್ಕೊಂಡಾಗ ಇಲ್ಲಾ ಕುಂತಾಗ ಒಮ್ಮೆ ಬಿಪಿ ನೋಡಬೇಕು, ಎದ್ದು ನಿಂತು ಮೂರು ನಿಮಿಷದೊಳಗ ಇನ್ನೊಮ್ಮೆ ನೋಡಬೇಕು. ಮ್ಯಾಲಿನ ಅಂಕಿ 20 ಇಲ್ಲಾ ಕೆಳಗಿನದು 10 ಇಳದಿದ್ರ ತಲಿ ಯಾಕ ತಿರಗತೈತಿ ಅನ್ನೋದು ಗೊತ್ತಾತು. ನಮ್ಮ ಕಡೆ ಬಿಪಿ ಅಂದ್ರ ಕುರ್ಚಿ ಮ್ಯಾಲೆ ಕುಂದ್ರಿಸಿ ಒಮ್ಮೆ ನೋಡಿ ಕಳಸ್ತಾರ, "ನಾರ್ಮಲ್ ಐತಿ" ಅಂತಾರ, ಆ ಮನಷ್ಯಾ ಬಾಗಲದಾಗ ಜೋಲಿ ಹೊಡೀತಾನ. ಇಲ್ಲಿ ಕುಂತ ಆಶಾ ಅಕ್ಕಾರಿಗೆ ನನ್ನ ವಿನಂತಿ ಇದು, ನಿಲ್ಲಿಸಿ ನೋಡ್ರಿ. ಮನ್ಯಾಗ ಮಾಡೋದಂದ್ರ, ಎಚ್ಚರಾದ ಮ್ಯಾಲೆ ಹೊರಸಿನ ಅಂಚಿಗೆ ಒಂದೆರಡು ನಿಮಿಷ ಕಾಲು ಇಳಿಬಿಟ್ಟು ಕುಂದ್ರೋದು, ಪಾದ ಮ್ಯಾಲೆ ಕೆಳಗ ಆಡಿಸೋದು, ಆಮ್ಯಾಲೆ ಏನಾರ ಹಿಡಕೊಂಡು ಏಳೋದು. ಹಂಡೆದಾಗಿನ ಸುಡು ಸುಡು ನೀರು ಮೈಮ್ಯಾಲೆ ಸುರಕೊಂಡ್ರ ನಾಳ ಇನ್ನೂ ಅಗಲ ಆಗತಾವ, ಅಂಥವರು ಉಗುರು ಬೆಚ್ಚಗಿನ ನೀರಾಗ, ಮಣಿ ಮ್ಯಾಲೆ ಕುಂತು ಜಳಕ ಮಾಡ್ಲಿ. ಪ್ರೋಸ್ಟೇಟಿಗೆ ಟಾಮ್ಸುಲೋಸಿನ್ ತಗೊಳ್ಳೋ ಅಜ್ಜಂದಿರು ರಾತ್ರಿ ಮೂರು ಸಲ ಎದ್ದು ಹಿತ್ತಲಕ್ಕ ಹೋಗೋರು, ಆ ಗುಳಿಗೀನೂ ನಾಳ ಸಡಲ ಮಾಡತೈತಿ, ಮ್ಯಾಲೆ ಮನೋರೋಗದ್ದೂ ಸೇರಿದ್ರ ಹೊಸ್ತಿಲ ದಾಟೂದ್ರಾಗ ಬೀಳ್ತಾರ. ಹಾಸಿಗಿ ಬಾಜೂಕ ಒಂದು ಡಬ್ಬಿ ಇಟ್ಟು ಅಲ್ಲೇ ಮುಗಸ್ರಿ, ಅದರಾಗ ನಾಚಿಕಿ ಏನಿಲ್ಲ.

ಇಲ್ಲೊಂದು ಎಚ್ಚರಿಕಿ. ತಲಿ ತಿರಗಾಕ ಅಂತ ಅಂಗಡ್ಯಾಗ ಕೇಳಿ ತಗೊಳ್ಳೋ ಗುಳಿಗಿ ಅದಾವಲ್ಲ, ಅದರಾಗ ಪ್ರೋಕ್ಲೋರ್‌ಪೆರಾಜಿನ್ ಅನ್ನೋದು ಮನೋರೋಗದ ಹಳೇ ಔಷಧದ ಜಾತೀದ ಐತಿ. ಸಿನ್ನರಿಜಿನ್ ಮಬ್ಬು ತರತೈತಿ. ಔಷಧದಿಂದ ಬಂದ ತಲಿ ತಿರಗಾಟಕ್ಕ ಅಂಥದ್ದೇ ಇನ್ನೊಂದು ಔಷಧ ನುಂಗಿದಂಗ ಆತು. ನಾನು ಮೊದಮೊದಲು ಕೊಡ್ತಿದ್ದೆ ಅಂದ್ನಲ್ಲ, ಇದನ್ನ.

ಜೋಲಿ ಮತ್ತ ಮಬ್ಬಿನ ವಿಷಯಕ್ಕ ಬಂದ್ರ ನಿದ್ದಿ ಗುಳಿಗಿ. ಕ್ಲೋನಾಜೆಪಾಮ್ ರಾತ್ರಿ ತಗೊಂಡ್ರ ಮುಂಜಾನೆ ಹೊರಗ ಹೋಗಿರತೈತಿ ಅಂತ ಎಲ್ಲಾರೂ ತಿಳಕೊಂಡಾರ. ಅರ್ಧ ಔಷಧ ಮೈಯಿಂದ ಹೋಗಾಕ 30ರಿಂದ 40 ತಾಸು ಬೇಕು. ಅಂದ್ರ ಇವತ್ತಿನದು ಇರೂವಾಗಲೇ ನಾಳಿನದು ಮ್ಯಾಲೆ ಬೀಳತೈತಿ, ವಾರ ಕಳಿಯೂದ್ರಾಗ ಜಮಾ ಆಗತೈತಿ. ಹರೇದೋರು ತಡೀತಾರ, 70 ದಾಟಿದ ಅಜ್ಜಿಗೆ ಹಗಲೆಲ್ಲಾ ಮಬ್ಬು, ಮಾತು ತೊದಲು, ಮೊಮ್ಮಗನ ಹೆಸರು ಬಾಯಿಗೆ ಬರಂಗಿಲ್ಲ. ಕುಡಿಯೋ ಚಟ ಇದ್ದೋರಿಗೆ ಎರಡೂ ಸೇರಿ ಉಸಿರಿಗೇ ಕುತ್ತು ಬರಬಹುದು. ಇದಕ್ಕಿಂತ ಹೆಚ್ಚು ಇದರ ಬಗ್ಗೆ ಹೇಳಂಗಿಲ್ಲ, ಡಾಕ್ಟರ ಕೂಡ ಮಾತಾಡಿ ಸಾವಕಾಶ ಇಳಿಸೋದು, ಅಷ್ಟ.

ಈಗ ನಮ್ಮ ಮನಿ ಸಂಗತಿ ಹೇಳ್ತೀನಿ. ನಮ್ಮವ್ವಗ ಬೈಪೋಲಾರ್ ಐತಿ, ಅಂದ್ರ ಮನಸು ಒಮ್ಮೆ ಉನ್ಮಾದಕ್ಕ ಏರೋದು, ಒಮ್ಮೆ ಖಿನ್ನತೆಗೆ ಇಳಿಯೋದು. ಆಗ 19 ವರ್ಷದಿಂದ ಲಿಥಿಯಂ ತಗೊಳ್ಳಾಕತ್ತಿದ್ಲು, ಚಂದಗೆ ಇದ್ಲು, ಮನಿ ನಡಸ್ತಿದ್ಲು. ಲಿಥಿಯಂ ಅಂದ್ರ ಏನೋ ಕಾರ್ಖಾನ್ಯಾಗ ತಯಾರಾದ ಭಾರಿ ರಾಸಾಯನಿಕ ಅಲ್ರಿ, ಅದೊಂದು ಧಾತು, ಉಪ್ಪಿನಾಗಿನ ಸೋಡಿಯಂನ ತಮ್ಮ ಇದ್ದಂಗ. 1949ರಾಗ ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನೋ ಡಾಕ್ಟರು ಉನ್ಮಾದಕ್ಕ ಅದು ಹಿಡಸತೈತಿ ಅಂತ ಬರದ್ರು, ಇವತ್ತಿಗೂ ಅದಕ್ಕ ಸಮ ಆಗೋ ಔಷಧ ಕಡಿಮಿ. ಆದ್ರ ಅದರ ಅಳತಿ ಭಾಳ ಇಕ್ಕಟ್ಟು. ರಕ್ತದಾಗ 0.6ರಿಂದ 1.2ರೊಳಗ ಇದ್ರ ಔಷಧ, 1.5 ದಾಟಿದ್ರ ವಿಷದ ಕಡೆ ಹೆಜ್ಜಿ.

ಅದು ಏಪ್ರಿಲ್. ಗದಗಿನ ಬಿಸಲು ನಿಮಗ ನಾ ಹೇಳಬೇಕಾಗಿಲ್ಲ. ಅವ್ವಗ ಮೊಳಕಾಲು ನೋವು ಶುರುವಾತು. ಪಾಯಖಾನಿ ನಮ್ಮನ್ಯಾಗ ಹಿತ್ತಲದಾಗ ಐತಿ, ಮೂರು ಪಾವಟಿಗಿ ಇಳೀಬೇಕು, ನೋವಿಗೆ ಅಂಜಿ ಆಕಿ ನೀರು ಕುಡಿಯೋದ ಕಡಿಮಿ ಮಾಡಿದ್ಲು, ನಮಗ ಯಾರಿಗೂ ಗೊತ್ತಿಲ್ಲ. ನಾನು ಅಂಗಡಿಯಿಂದ ಐಬುಪ್ರೊಫೆನ್ ತಂದು ಕೊಟ್ಟೆ, ದಿನಕ್ಕ ಎರಡು. ಔಷಧ ಓದಿದ ಮನಷ್ಯಾ ನಾನು, ಲಿಥಿಯಂ ಕೂಡ ಅದನ್ನ ಕೊಡಬಾರದು ಅಂತ ಪುಸ್ತಕದಾಗ ಓದಿದ್ದೆ, ಆದ್ರ ಅವ್ವ ಅಂದಕೂಡ್ಲೆ ಆಕಿ ಲಿಥಿಯಂ ನೆನಪಿಗೆ ಬರಲಿಲ್ಲ, ಮೊಳಕಾಲಷ್ಟ ಕಂಡಿತು. ಮೂತ್ರಪಿಂಡ ಲಿಥಿಯಂನ ಉಪ್ಪಿನಂಗ ಲೆಕ್ಕ ಹಿಡಿತೈತಿ. ಬೆವರು ಹೋಗಿ, ನೀರು ಕಡಿಮಿಯಾಗಿ ಮೈ ಒಣಗಿದ್ರ ಉಪ್ಪನ್ನ ಹಿಡದಿಟ್ಟುಕೊಳ್ಳತೈತಿ, ಅದರ ಕೂಡ ಲಿಥಿಯಂನೂ ಹೊರಗ ಬಿಡಂಗಿಲ್ಲ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಇಂಥಾ ನೋವಿನ ಗುಳಿಗಿ ಮೂತ್ರಪಿಂಡಕ್ಕ ಹೋಗೋ ರಕ್ತಾನ ಕಡಿಮಿ ಮಾಡಿ ಆ ಬಾಗಲ ಇನ್ನಷ್ಟು ಮುಚ್ಚತಾವ. ಗುಳಿಗಿ ಅದೇ, ಡೋಸ್ ಅದೇ, ರಕ್ತದಾಗ ಮಾತ್ರ ಏರ್ತಾ ಹೊಂಟಿತ್ತು.

ಐದನೇ ದಿವಸ ಆಕಿ ರೊಟ್ಟಿ ಬಡಿಯಾಕ ಕುಂತಾಗ ಕೈ ನಡಗಾಕತ್ತಿತು. ಲಿಥಿಯಂ ತಗೊಳ್ಳೋರಿಗೆ ಸಣ್ಣ ನಡುಕ ಇರೋದ, ಕೈ ಮುಂದ ಚಾಚಿದ್ರ ಬೆರಳು ಥರಥರ ಅಂತಾವ. ಇದು ಹಂಗಲ್ಲ, ಇಡೀ ಮುಂಗೈ ಎತ್ತಿ ಎತ್ತಿ ಒಗದಂಗ, ಬಡದ ರೊಟ್ಟಿ ಕೊಣಮಗಿ ಒಳಗ ಹರದು ಎರಡಾತು, ಇನ್ನೊಂದು ಬಡದ್ಲು ಅದೂ ಹರೀತು. ನನ್ನ ಹೆಂಡ್ತಿ "ಬಿಡ್ರಿ ಅತ್ತಿ, ನಾ ಮಾಡ್ತೀನಿ" ಅಂದಾಗ ಆಕಿ ಮುಖ ನೋಡಿ "ನೀ ಯಾರ ಮಗಳವ್ವ?" ಅಂದ್ಲು. ಎರಡು ಸಲ ವಾಂತಿ ಆಗಿತ್ತು, ಬಿಸಲಿಗೆ ಅಂದುಕೊಂಡ್ವಿ. ನಡೀಬೇಕಾದ್ರ ಗ್ವಾಡಿ ಹಿಡಕೊಂಡು ಹೋಗ್ತಿದ್ಲು. ಓಣಿ ಮಂದಿ ಬಂದು "ವಯಸ್ಸಾತು, ಅರಳು ಮರಳು" ಅಂದ್ರು. ನಮ್ಮ ಕಾಕಾ "ಹಳೇ ಬ್ಯಾನಿ ತಿರುಗಿ ಬಂತು, ಗುಳಿಗಿ ಡೋಸ್ ಏರಸ್ರಿ" ಅಂದ. ಏರಿಸಿದ್ರ ಏನಾಗತಿತ್ತು ಅಂತ ನೆನಸಿಕೊಂಡ್ರ ನನಗ ಇವತ್ತೂ ಮೈ ಜುಮ್ ಅಂತೈತಿ.

ದವಾಖಾನಿಗೆ ಒಯ್ದಾಗ ಹರೇದ ಡಾಕ್ಟರು ಒಬ್ಬರಿದ್ರು, ಅವರು ಮೊದಲ ಕೇಳಿದ್ದು, "ಇದು ಯಾವಾಗಿಂದ? ಅದಕ್ಕಿಂತ ಮುಂಚೆ ಏನು ಬದಲಾತು?" ನಾನು ಬಾಯಿ ಬಿಡಾಕ ಹತ್ತು ಸೆಕೆಂಡ್ ಬೇಕಾತು, ಯಾಕಂದ್ರ ಪ್ರಶ್ನಿ ಕೇಳಿದಕೂಡ್ಲೆ ಉತ್ತರ ನನಗ ಗೊತ್ತಾಗಿತ್ತು. ಲಿಥಿಯಂ 2.1 ಬಂತು. ಲಿಥಿಯಂ ನಿಲ್ಲಿಸಿ, ಸಲೈನ್ ಹಚ್ಚಿ, ದಿನಾ ರಕ್ತ ನೋಡಿ ಸಾವಕಾಶ ಇಳಿಸಿದ್ರು. ನಾಲ್ಕನೇ ದಿವಸ ಆಕಿ ನನ್ನ ಹೆಂಡ್ತಿನ ಹೆಸರು ಹಿಡದು ಕರದು ಮಜ್ಜಗಿ ಕೇಳಿದ್ಲು. ಈಗ ಮೊಳಕಾಲಿಗೆ ಪ್ಯಾರಾಸಿಟಮಾಲ್ ಅಷ್ಟ, ಅದಕ್ಕ ಈ ತ್ರಾಸ ಇಲ್ಲ. ಬಿಸಲುಗಾಲದಾಗ ಆಕಿ ತಂಬಗಿ ನೀರು ನಾನ ಎಣಸ್ತೀನಿ. ಲಿಥಿಯಂ ತಗೊಳ್ಳೋರು ಮನ್ಯಾಗ ಇದ್ರ ಇಷ್ಟು ನೆನಪಿಡ್ರಿ: ವಾಂತಿ, ಭೇದಿ, ಜ್ವರ, ಕಡು ಬಿಸಲು, ಒಮ್ಮೆಲೇ ಉಪ್ಪು ಬಿಡೋದು, ಮೂತ್ರ ಹೆಚ್ಚು ಹೋಗೂ ಹೊಸಾ ಬಿಪಿ ಗುಳಿಗಿ, ನೋವಿನ ಗುಳಿಗಿ, ಇದರಾಗ ಯಾವುದು ಬಂದ್ರೂ ಡಾಕ್ಟರಿಗೆ ಫೋನ್. ರಕ್ತ ಪರೀಕ್ಷಾಕ್ಕ ಹೋಗೋದು ಕಡೀ ಗುಳಿಗಿ ತಗೊಂಡು 12 ತಾಸು ಆದ ಮ್ಯಾಲೆ, ಮುಂಜಾನಿ ಗುಳಿಗಿ ನುಂಗಿ ಹೋದ್ರ ಲೆಕ್ಕ ತಪ್ಪತೈತಿ.

ಮಾತು ಬಂತು ಅಂತ ಹೇಳ್ತೀನಿ. ಧಾರವಾಡದಾಗ ಬೆಳಗಾವಿ ರೋಡಿನ ಮಾನಸಿಕ ದವಾಖಾನಿ, ಈಗ ಡಿಮ್ಹಾನ್ಸ್ ಅಂತಾರ, 1845ರಿಂದ ಐತಿ. ಇಷ್ಟು ವರ್ಷ ನಮ್ಮ ಭಾಗದ ಎಷ್ಟ ಮನಿಗೆ ಅದು ಆಸರ ಆಗೇತಿ, ಆದ್ರ ಅಲ್ಲಿ ಚೀಟೀನ ಮಾತ್ರ ನಾವು ಟ್ರಂಕಿನ ತಳದಾಗ ಇಡ್ತೀವಿ. ಗುಳಿಗಿ ಪಟ್ಟಿ ಹರದು ಬರೇ ಗುಳಿಗೀನ ಕುಂಕುಮದ ಭರಣಿಗೆ ಹಾಕಿಟ್ಟ ಸೊಸಿನ್ನ ನಾನು ನೋಡೀನಿ, ಮನಿಗೆ ಬಂದವರ ಕಣ್ಣಿಗೆ ಬೀಳಬಾರದು ಅಂತ. ಆಕಿ ಕಷ್ಟ ನನಗ ತಿಳೀತೈತಿ, ಊರ ಮಂದಿಯಿಂದ ಮುಚ್ಚಿಡ್ರಿ, ಅದು ನಿಮ್ಮ ಹಕ್ಕು. ಆದ್ರ ಸಕ್ಕರಿ ಕಾಯಿಲೆ ಡಾಕ್ಟರಿಂದ, ಎಲುವಿನ ಡಾಕ್ಟರಿಂದ, ನನ್ನಂಥಾ ಅಂಗಡಿಯವನಿಂದ ಮುಚ್ಚಿಡಬ್ಯಾಡ್ರಿ. ಖಿನ್ನತೆಯ ಗುಳಿಗಿ ನಡದಿರೋದು ಗೊತ್ತಿಲ್ಲದ ಡಾಕ್ಟರು ನೋವಿಗಂತ ಟ್ರಮಡಾಲ್ ಬರದ್ರ, ಕೆಲವರಿಗೆ ಬೆವರು, ನಡುಕ, ಜ್ವರ, ಗೊಂದಲ ಎಲ್ಲಾ ಒಮ್ಮೆಲೇ ಏಳತಾವ. ಪಟ್ಟಿ ಕತ್ತರಿಸಿ ನಾಲ್ಕ ಗುಳಿಗಿ ಕೊಡೋ ನಮ್ಮ ಅಂಗಡಿ ರೂಢೀನೂ ಇದರಾಗ ತಪ್ಪಿತಸ್ಥ, ಹೆಸರು ಇದ್ದ ತುಂಡು ನಮ್ಮ ಹತ್ರಾನ ಉಳೀತೈತಿ. ಹೆಸರು ಬರದು ಕೊಡ್ರಿ ಅಂತ ಬಾಯಿ ಬಿಟ್ಟು ಕೇಳ್ರಿ.

ತಲಿ ಗೊಂದಲಕ್ಕ ಇನ್ನೆರಡು ಕಾರಣ ನಮ್ಮ ಕಡೆ ಭಾಳ ಕಾಣತಾವ. ಒಂದು, ಟ್ರೈಹೆಕ್ಸಿಫೆನಿಡಿಲ್ ಅನ್ನೋ ಸಣ್ಣ ಗುಳಿಗಿ. ಮನೋರೋಗದ ಔಷಧದಿಂದ ಕೈಕಾಲು ಬಿಗೀತಾವಲ್ಲ, ಅದಕ್ಕ ಕೊಡ್ತಾರ, ರಿಸ್ಪೆರಿಡೋನ್ ಕೂಡ ಸೇರಿಸಿ ಒಂದ ಗುಳಿಗಿ ಮಾಡಿದ್ದೂ ಸಿಗತೈತಿ. ಬಾಯಿ ಒಣಗೋದು, ಕಣ್ಣು ಮಂಜಾಗೋದು, ಮಲಬದ್ಧತೆ, ಮೂತ್ರ ಕಟ್ಟೋದು ಇದರ ಗುರ್ತು, ವಯಸ್ಸಾದೋರಿಗೆ ಮರವು ಮತ್ತ ಗೊಂದಲ ತರತೈತಿ. ಬಿಗಿತ ಹೋಗಿ ವರ್ಷ ಆಗಿದ್ರೂ ಹಳೇ ಚೀಟಿ ಮ್ಯಾಲೆ ಅದು ಹಂಗ ನಡದಿರತೈತಿ. "ಇದು ಇನ್ನೂ ಬೇಕೇನ್ರಿ?" ಅಂತ ಡಾಕ್ಟರನ್ನ ಕೇಳೋದರಾಗ ಏನೂ ತಪ್ಪಿಲ್ಲ.

ಎರಡನೇದು, ಸೋಡಿಯಂ ಇಳಿಯೋದು. ಎಸ್ಸಿಟಲೋಪ್ರಾಮ್, ಸರ್ಟ್ರಲಿನ್ ಇಂಥಾ ಖಿನ್ನತೆಯ ಗುಳಿಗಿ ಚಾಲೂ ಮಾಡಿದ ಮೊದಲನೇ ತಿಂಗಳದಾಗ ಕೆಲವು ವಯಸ್ಸಾದೋರಿಗೆ, ಅದರಾಗೂ ಹೆಣ್ಣಮಕ್ಕಳಿಗೆ, ಮೂತ್ರದ ಗುಳಿಗಿ ತಗೊಳ್ಳೋರಿಗೆ ಹೆಚ್ಚು, ಮೈಯಾಗ ನೀರು ಉಳಕೊಂಡು ರಕ್ತದಾಗಿನ ಉಪ್ಪು ತಿಳಿ ಆಗತೈತಿ, ನೀರು ಹೆಚ್ಚಾದ ಸಾರಿನಂಗ. 135ರಿಂದ 145 ಇರಬೇಕಾದದ್ದು ಕೆಳಗ ಇಳದಂಗ ತಲಿನೋವು, ಓಕರಿಕಿ, ಸುಸ್ತು, ಆಮ್ಯಾಲೆ ಗೊಂದಲ, ಭಾಳ ಇಳದ್ರ ಫಿಟ್ಸ್. ಮನ್ಯಾಗ ಉಪ್ಪು ಜಾಸ್ತಿ ಹಾಕಿ ಉಣಸೋದು ಇದಕ್ಕ ಮದ್ದಲ್ಲ, ರಕ್ತ ಪರೀಕ್ಷಾ ಮಾಡಿಸಬೇಕು.

ಬೀಡಿ ಸೇದೋರ ಮನಿಮಂದಿ ಇದನ್ನ ಕೇಳ್ರಿ, ಇದು ಡಾಕ್ಟರ ಮುಂದೂ ಕೆಲವು ಸಲ ಮಾತಿಗೆ ಬರಂಗಿಲ್ಲ. ತಂಬಾಕಿನ ಹೊಗಿ ಯಕೃತ್ತಿನಾಗ ಒಂದು ಕಿಣ್ವಾನ ಚುರುಕು ಮಾಡತೈತಿ, ಅದು ಓಲಾಂಜಪಿನ್ ಮತ್ತ ಕ್ಲೋಜಾಪಿನ್ನ ಬ್ಯಾಗ ಕರಗಿಸತೈತಿ. ಅದಕ್ಕ ಸೇದೋನಿಗೆ ಡೋಸ್ ಹೆಚ್ಚು ಬೇಕಾಗಿರತೈತಿ. ಆತ ಒಮ್ಮೆಲೇ ಬೀಡಿ ಬಿಟ್ಟ ಅನ್ನರಿ, ಒಂದು ವಾರದೊಳಗ ಅದೇ ಡೋಸ್ ರಕ್ತದಾಗ ಏರಿ ಮಬ್ಬು, ತಲಿ ತಿರಗಾಟ ಚಾಲೂ. "ಬೀಡಿ ಬಿಟ್ಟಿದ್ದಕ್ಕ ಹಿಂಗಾತು" ಅಂತ ಮತ್ತ ಸೇದಾಕ ಹತ್ತತಾರ. ಬೀಡಿ ಬಿಡಾಕ ಬೇಕು, ಬಿಡೂಕಿಂತ ಮುಂಚೆ ಡಾಕ್ಟರಿಗೆ ಹೇಳಿ ಡೋಸ್ ಹೊಂದಿಸಿಕೊಳ್ಳಬೇಕು. ಇದು ಹೊಗಿಯ ಕೆಲಸ, ಗುಟಕಾ ಜಗಿಯೋರಿಗೆ ಈ ಲೆಕ್ಕ ಇಲ್ಲ.

ಹಿಂದ ಕುಂತ ಅಕ್ಕಾರು ಕೇಳಿದ್ರು, ಇಷ್ಟೆಲ್ಲಾ ತ್ರಾಸ ಇದ್ರ ಯಾಕ ತಗೋಬೇಕು, ಬಿಟ್ಟುಬಿಟ್ರ ಆತಲ್ಲ ಅಂತ. ಅಕ್ಕಾರ, ನಮ್ಮವ್ವ ಲಿಥಿಯಂ ಚಾಲೂ ಮಾಡೂಕಿಂತ ಮುಂಚಿನ ದಿನ ನಾನು ನೋಡೀನಿ. ರಾತ್ರಿ ಎರಡಕ್ಕ ತನ್ನ ಕೈಬಳಿ ಅಡಾ ಇಟ್ಟು ಬರ್ತೀನಿ ಅಂತ ಬೆಟಗೇರಿ ತನಕ ನಡಕೊಂತ ಹೋದಾಕಿ. ನಮ್ಮಪ್ಪ ಲಾಟೀನು ಹಿಡಕೊಂಡು ಹುಡುಕ್ತಿದ್ದ. ಅದಕ್ಕ ನನ್ನ ಮನ್ಯಾಗ ಲಿಥಿಯಂ ಬಿಡೋ ಮಾತು ಇಲ್ಲ. ಇನ್ನ ಒಮ್ಮೆಲೇ ಬಿಟ್ರ ತಲಿ ತಿರಗೋದು ನಿಲ್ಲತೈತಿ ಅನ್ನೋದೂ ಖರೆ ಅಲ್ಲ. ಪ್ಯಾರೊಕ್ಸೆಟಿನ್, ವೆನ್ಲಾಫಾಕ್ಸಿನ್ ಅನ್ನೋ ಖಿನ್ನತೆಯ ಗುಳಿಗಿ ತಟ್ಟನ ಬಿಟ್ಟೋರಿಗೆ ಎರಡು-ಮೂರು ದಿವಸದಾಗ ಅದ ತಲಿ ತಿರಗಾಟ ಶುರುವಾಗತೈತಿ, ತಲ್ಯಾಗ ಕರೆಂಟ್ ಹೊಡದಂಗ ಆತು ಅಂತ ಹೇಳ್ತಾರ. ನಿದ್ದಿ ಗುಳಿಗಿ ವರ್ಷಗಟ್ಟಲೆ ತಗೊಂಡು ಒಮ್ಮೆಲೇ ಬಿಟ್ರ ಫಿಟ್ಸ್ ಬರಬಹುದು. ಇಳಿಸೋದಕ್ಕೂ ಪಾವಟಿಗಿ ಅದಾವ, ಒಂದೊಂದ ಇಳೀಬೇಕು.

ಕಾಯಬಾರದ ಸಂಗತಿ ಯಾವುವಪಾ ಅಂದ್ರ, ಗೊಂದಲದ ಕೂಡ ಜ್ವರ ಬಂದು ಮೈ ಕಟ್ಟಿಗಿ ಬಿಗದಂಗ ಬಿಗಿಯೋದು, ಎಬ್ಬಿಸಿದ್ರ ಏಳದಿರೋದು, ಫಿಟ್ಸ್, ಬಿದ್ದು ತಲಿಗೆ ಪೆಟ್ಟಾಗೋದು, ಲಿಥಿಯಂ ತಗೊಳ್ಳೋರಿಗೆ ದೊಡ್ಡ ನಡುಕ ಮತ್ತ ವಾಂತಿ. ಇದರಾಗ ಒಂದು ಕಂಡ್ರೂ 108ಕ್ಕ ಫೋನ್ ಹಚ್ಚಿ, ಇರೋ ಗುಳಿಗಿ ಎಲ್ಲಾ ಚೀಲದಾಗ ಹಾಕ್ಕೊಂಡು ಹೋಗ್ರಿ. ಅಷ್ಟು ಅವಸರದ್ದಲ್ಲ, ಕೇಳಾಕ ಯಾರೂ ಇಲ್ಲ ಅಂದ್ರ ಟೆಲಿ ಮಾನಸ್ ಅನ್ನೋ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಐತಿ, 14416, ಹಗಲು ರಾತ್ರಿ, ಕನ್ನಡದಾಗ ಮಾತಾಡ್ತಾರ.

ಮತ್ತ ಇನ್ನೊಂದು ಗುರ್ತು. ವಯಸ್ಸಿನ ಮರವು ವರ್ಷಗಟ್ಟಲೆ ಸಾವಕಾಶ ಬರತೈತಿ. ನಿನ್ನೆ ಮೊನ್ನೆ ತನಕ ಹಾಲಿನವನ ಲೆಕ್ಕ ಚುಕ್ತಾ ಮಾಡ್ತಿದ್ದ ಅಜ್ಜಿ ಇವತ್ತು ಸಂಜಿಕ ತಾನು ಎಲ್ಲಿದೀನಿ ಅಂತ ಕೇಳಿದ್ರ, ಮುಂಜಾನೆ ಸ್ವಲ್ಪ ಆರಾಮ ಆಗಿ ರಾತ್ರಿ ಮತ್ತ ಹೆಚ್ಚಾದ್ರ, ಅದು ವಯಸ್ಸಲ್ಲ. ಔಷಧ ಇರಬಹುದು, ಉರಿಮೂತ್ರ ಇರಬಹುದು, ಸಕ್ಕರಿ ಇಳದಿರಬಹುದು, ಅವತ್ತ ತೋರಸಬೇಕು.

ಹಾಲಿನ ಲೆಕ್ಕ ಅಂದ ಮ್ಯಾಲೆ ನೆನಪಾತು, ನಮ್ಮನ್ಯಾಗ ಅಡಗಿಮನಿ ಗ್ವಾಡಿಗೆ ಕ್ಯಾಲೆಂಡರ್ ಐತಿ. ಹಾಲು ಬರಲಾರದ ದಿವಸಕ್ಕ ನನ್ನ ಹೆಂಡ್ತಿ ಕರೇ ಪೆನ್ನಿಲೆ ಸುಳಿ ಹಾಕ್ತಾಳ. ಗುಳಿಗಿ ಬದಲಾದ ದಿವಸಕ್ಕ ಕೆಂಪು ಪೆನ್ನಿಲೆ ಅವ್ವ ತಾನ ಗುರ್ತು ಹಾಕ್ತಾಳ, ಪಕ್ಕದಾಗ ‘ತಲಿ’ ಅಂತ ಎರಡು ಅಕ್ಷರ ಬರದಿದ್ರ ಅವತ್ತು ಜೋಲಿ ಬಂದಿತ್ತು ಅಂತ ಅರ್ಥ. ಡಾಕ್ಟರ ಹತ್ರ ಹೋಗೂವಾಗ ಆ ಹಾಳಿ ಹರಕೊಂಡು ಹೋಗ್ತೀವಿ.

ಇವತ್ತ ಬರೂವಾಗ ಮನ್ಯಾಗಿನ ಗುಳಿಗಿ ಎಲ್ಲಾ ತಗೊಂಡು ಬರ್ರಿ ಅಂತ ಹೇಳಿದ್ದೆ, ಭಾಳ ಮಂದಿ ಕೈಯಾಗ ಚೀಲ ಕಾಣಾಕತ್ತಾವ. ಮುಂದ ಟೇಬಲ್ ಹತ್ರ ಒಬ್ಬೊಬ್ಬರ ಬರ್ರಿ, ಬಿಪಿದು, ಸಕ್ಕರಿದು, ನೋವಿಂದು, ಧಾರವಾಡದ್ದು, ಎಲ್ಲಾ ಒಂದ ಕಡೆ ಸುರೀರಿ, ಪಟ್ಟಿ ಮಾಡಿ ಕೊಡ್ತೀನಿ, ಮುಂದಿನ ಸಲ ಡಾಕ್ಟರಿಗೆ ತೋರಸಾಕ ಬರತೈತಿ.